ಬೀ ಆರ್ಥರ್ ಸುಮ್ನೆ ನಿಂತು ನಗಿಸೋದನ್ನ ಎಲ್ಲಿ ಕಲಿತರು?

ಸ್ಮಿತಾ (ನ್ಯೂಜೆರ್ಸಿ)

ನಾಟಕ ಗೊತ್ತಿರುವವರಿಗೆ ಒಂದು ಪ್ರಶ್ನೆ. ಇಲ್ಲಿನ ಕನ್ನಡ ಕೂಟದಲ್ಲಿ ಯುಗಾದಿಗೋ ರಾಜ್ಯೋತ್ಸವಕ್ಕೋ ನಾಟಕ ಹಾಕುತ್ತೇವೆ. ನಾನು ಎತ್ತರ, ದನಿ ದಪ್ಪ. ಫೋನಿನಲ್ಲಿ ನನ್ನನ್ನು ‘ಸರ್’ ಅನ್ನುವವರೇ ಜಾಸ್ತಿ. ಹಾಗಾಗಿ ನನಗೆ ಬರೋದು ಗಯ್ಯಾಳಿ ಅತ್ತೆ ಪಾತ್ರ, ಇಲ್ಲಾಂದ್ರೆ ಪೊಲೀಸ್ ಇನ್‌ಸ್ಪೆಕ್ಟರ್. ಈ ಸಲ ಹಾಸ್ಯ ನಾಟಕ. ರಿಹರ್ಸಲ್‌ನಲ್ಲಿ ನಿರ್ದೇಶಕರು, “ಕೂಗಾಡೋದು ಬಿಡಿ, ಅಮೆರಿಕದ ‘ದಿ ಗೋಲ್ಡನ್ ಗರ್ಲ್ಸ್’ ಹಾಸ್ಯ ಸೀರಿಯಲ್‌ನ ಬೀ ಆರ್ಥರ್ ಅವರನ್ನು ನೋಡಿ” ಅಂದರು.

ನೋಡಿದೆ. ಆಕೆ ಏನೂ ಮಾಡುವುದೇ ಇಲ್ಲ! ಪಕ್ಕದಲ್ಲಿರುವ ರೋಸ್ ಪೆದ್ದುಪೆದ್ದಾಗಿ ಏನೋ ಹೇಳುತ್ತಾಳೆ. ಈಕೆ ನಿಧಾನಕ್ಕೆ ತಿರುಗಿ ನೋಡುತ್ತಾರೆ, ಅಷ್ಟೇ. ಜನ ಬಿದ್ದು ಬಿದ್ದು ನಗುತ್ತಾರೆ. ನಾನು ಹಾಗೆ ನಿಂತರೆ ಮಾತು ಮರೆತಳು ಅಂದುಕೊಳ್ಳುತ್ತಾರೆ.

ಇದನ್ನು ಆಕೆ ಎಲ್ಲಿ ಕಲಿತರು? ಟಿವಿಗೆ ಬರುವ ಮುಂಚೆ ಏನು ಮಾಡುತ್ತಿದ್ದರು? ಸೀರಿಯಲ್‌ನಲ್ಲಿ ಆಕೆ ಮಾಡುವ ಡೊರೊಥಿಯ ತಾಯಿ ಸೊಫಿಯಾ ಪಾತ್ರ ಮಾಡಿದವರು ಈ ಮಗಳಿಗಿಂತ ಚಿಕ್ಕವರು ಅಂತಾರಲ್ಲ, ನಿಜವಾ? ಎಲ್ಲಿಂದ ನೋಡೋಕೆ ಶುರು ಮಾಡಲಿ ಅಂತಾನೂ ಹೇಳಿ.

ಗಿರೀಶ್ (ಶಿವಮೊಗ್ಗ)

ವಯಸ್ಸಿನ ವಿಷಯ ನಿಜ. ಬೀ ಆರ್ಥರ್ ಹುಟ್ಟಿದ್ದು 1922ರ ಮೇ 13ಕ್ಕೆ. ಸೊಫಿಯಾ ಮಾಡಿದ ಎಸ್ಟೆಲ್ ಗೆಟಿ ಹುಟ್ಟಿದ್ದು 1923ರ ಜುಲೈ 25ಕ್ಕೆ. ಅಂದರೆ ‘ತಾಯಿ’ಯೇ ಒಂದು ವರ್ಷಕ್ಕಿಂತ ಜಾಸ್ತಿ ಚಿಕ್ಕವರು. ಬಿಳಿ ವಿಗ್ಗು, ಮುಖಕ್ಕೆ ಸುಕ್ಕಿನ ಮೇಕಪ್ಪು. ಇಬ್ಬರೂ ನಾಟಕದಿಂದಲೇ ಬಂದವರು. ಗೆಟಿ ಅದಕ್ಕೆ ಸ್ವಲ್ಪ ಮುಂಚೆ ನ್ಯೂಯಾರ್ಕಿನ ದೊಡ್ಡ ನಾಟಕ ಮಂದಿರಗಳಿರುವ ಬ್ರಾಡ್‌ವೇಯಲ್ಲಿ ‘ಟಾರ್ಚ್ ಸಾಂಗ್ ಟ್ರೈಲಜಿ’ಯ ತಾಯಿ ಪಾತ್ರ ಮಾಡಿ ಹೆಸರಾಗಿದ್ದರು.

ಉಳಿದದ್ದನ್ನು ವಸಂತಮ್ಮ ಹೇಳಲಿ. ಅವರಿಗೆ ಇದರಲ್ಲಿ ಹುಚ್ಚು.

ವಸಂತಾ (ಮೈಸೂರು)

ಗಿರೀಶ ನನ್ನನ್ನು ಎಳೆದು ತಂದ. ಸ್ಮಿತಾ, ನನಗೆ ನಿನ್ನ ವಯಸ್ಸಿನ ಸೊಸೆ ಇದ್ದಾಳೆ, ಅದಕ್ಕೆ ‘ನೀನು’ ಅಂತೀನಿ, ಬೇಜಾರು ಮಾಡ್ಕೋಬೇಡ.

ನಾನು ನಟಿ ಅಲ್ಲ. ಇಲ್ಲಿನ ಹವ್ಯಾಸಿ ತಂಡದಲ್ಲಿ ಸೈಡ್‌ವಿಂಗ್‌ನಲ್ಲಿ ನಿಂತು ಪ್ರಾಂಪ್ಟ್ ಮಾಡುತ್ತಿದ್ದವಳು. ಸ್ಟೇಜಿನ ಮೇಲೆ ಯಾರಾದರೂ ಸುಮ್ಮನಾದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಬೇಕಂತ ನಿಲ್ಲಿಸಿದರಾ, ಮರೆತರಾ? ನೋಡಿ ನೋಡಿ ಒಂದು ಗುರುತು ಸಿಕ್ಕಿದೆ. ಮರೆತವರ ಕಣ್ಣು ನೆಲಕ್ಕೋ ವಿಂಗ್ ಕಡೆಗೋ ಹೋಗುತ್ತದೆ. ಬೇಕಂತ ನಿಲ್ಲಿಸಿದವರ ಕಣ್ಣು ಎದುರಿನ ಪಾತ್ರದ ಮೇಲೇ ಇರುತ್ತದೆ. ಬೀ ಆರ್ಥರ್ ಕಣ್ಣು ನೋಡು. ಒಂದು ಸಲವೂ ಆಚೀಚೆ ಹೋಗುವುದಿಲ್ಲ. ನೀನು ಏನೂ ಮಾಡುವುದಿಲ್ಲ ಅಂದೆಯಲ್ಲ, ಅಲ್ಲಿ ಆಕೆ ಕೇಳಿಸಿಕೊಳ್ಳುತ್ತಿದ್ದಾರೆ. ರೋಸ್ ಹೇಳಿದ್ದನ್ನು ಮನಸ್ಸಿನಲ್ಲಿ ಇನ್ನೊಂದು ಸಲ ಓದುತ್ತಿದ್ದಾರೆ. ನಮಗೆ ಅದು ಕಾಣುತ್ತದೆ, ನಗು ಬರುತ್ತದೆ.

ಇನ್ನು, ಎಲ್ಲಿ ಕಲಿತರು ಅನ್ನೋದು. ನಾಟಕದಲ್ಲಿ. ಟಿವಿಯಲ್ಲಿ ಮನೆಮಾತಾದಾಗ ಆಕೆಗೆ 50 ವರ್ಷ. ಅದಕ್ಕೂ ಮುಂಚೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನ್ಯೂಯಾರ್ಕಿನ ಸ್ಟೇಜಿನ ಮೇಲಿದ್ದರು. ಇದನ್ನು ಬಿಟ್ಟು ಬರೀ ಡೊರೊಥಿಯನ್ನು ನೋಡಿದರೆ ಆ ನೋಟ ಎಲ್ಲಿಂದ ಬಂತು ಅನ್ನುವುದು ತಿಳಿಯುವುದಿಲ್ಲ.

ಹುಟ್ಟು ಹೆಸರು ಬರ್ನಿಸ್ ಫ್ರಾಂಕೆಲ್. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಯಹೂದಿ ಕುಟುಂಬ. ಅಮೆರಿಕದಲ್ಲಿ ಕೆಲಸ ಕಾರ್ಯ ಇಲ್ಲದ ಮುಗ್ಗಟ್ಟಿನ ಕಾಲದಲ್ಲಿ ಅಪ್ಪ ಅಮ್ಮ ಮೇರಿಲ್ಯಾಂಡ್‌ನ ಕೇಂಬ್ರಿಜ್ ಅನ್ನುವ ಸಣ್ಣ ಊರಿಗೆ ಹೋಗಿ ಹೆಂಗಸರ ಬಟ್ಟೆ ಅಂಗಡಿ ಇಟ್ಟರು. ಹುಡುಗಿ ಉದ್ದ, ಆಮೇಲೆ ಸುಮಾರು 5 ಅಡಿ 9 ಇಂಚಿಗೆ ನಿಂತರು. ಅದರ ಮೇಲೆ ಆ ದನಿ. ಊರಲ್ಲಿ ಇಂಥ ಹುಡುಗಿಗೆ ಇರೋದು ಎರಡೇ ದಾರಿ. ಮುದುಡಿ ಮೂಲೆ ಸೇರಬೇಕು, ಇಲ್ಲಾ ಎಲ್ಲರಿಗಿಂತ ಮೊದಲು ತಾನೇ ಜೋಕ್ ಹೊಡೆಯಬೇಕು. ಈಕೆ ಎರಡನೆಯದನ್ನು ಹಿಡಿದರು. ಸ್ಕೂಲಿನಲ್ಲಿ ಎಲ್ಲರಿಗಿಂತ ಚಟಾಕಿ ಹುಡುಗಿ ಅಂತ ಆರಿಸಿದ್ದರಂತೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಫಿಲಡೆಲ್ಫಿಯಾದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದರು. ಒಂದು ಬೇಸಿಗೆ ಆಸ್ಪತ್ರೆಯಲ್ಲಿ ಕೆಲಸವನ್ನೂ ಮಾಡಿದರು. ಇದು ತನಗಲ್ಲ ಅಂತ 1947ರಲ್ಲಿ ನ್ಯೂಯಾರ್ಕಿಗೆ ಹೋಗಿ ನ್ಯೂ ಸ್ಕೂಲ್‌ನ ನಾಟಕ ವಿಭಾಗ ಸೇರಿದರು. ಅಲ್ಲಿ ಗುರು ಯಾರು ಗೊತ್ತಾ? ಎರ್ವಿನ್ ಪಿಸ್ಕಾಟರ್! ಜರ್ಮನಿಯಿಂದ ಬಂದ ನಿರ್ದೇಶಕರು, ನಾಟಕಕಾರ ಬ್ರೆಕ್ಟ್ ಜೊತೆಗಾರರು. ನಮ್ಮ ಕಡೆ ಹವ್ಯಾಸಿ ರಂಗದವರು ಬ್ರೆಕ್ಟ್ ಅಂದರೆ ಕೈ ಮುಗಿಯುತ್ತಾರೆ. ಆದರೆ ಗೋಲ್ಡನ್ ಗರ್ಲ್ಸ್‌ನ ಡೊರೊಥಿ ಆ ಮನೆಯ ಶಿಷ್ಯೆ ಅಂದರೆ ನಂಬುವುದಿಲ್ಲ. 1954ರಲ್ಲಿ ಗ್ರೀನ್‌ವಿಚ್ ವಿಲೇಜ್‌ನ ಪುಟ್ಟ ಥಿಯೇಟರ್ ಡಿ ಲಿಸ್‌ನಲ್ಲಿ ಬ್ರೆಕ್ಟ್ ಮತ್ತು ಸಂಗೀತ ಸಂಯೋಜಕ ಕುರ್ಟ್ ವೈಲ್ ಅವರ ‘ತ್ರೀಪೆನಿ ಆಪೆರಾ’ ಆಡಿದರು. ಬೀ ಅದರಲ್ಲಿ ಲೂಸಿ ಬ್ರೌನ್. ಜೆನ್ನಿ ಪಾತ್ರದಲ್ಲಿ ವೈಲ್ ಅವರ ಹೆಂಡತಿ ಲೊಟ್ಟೆ ಲೆನ್ಯಾ. ಜರ್ಮನಿಯಲ್ಲಿ ಮೊದಲ ಸಲ ಆಡಿದಾಗಲೂ ಜೆನ್ನಿ ಆಕೆಯೇ.

ನಿನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬೀ ತನಗೆ ಕಲಿಸಿದವರು ಮೂರು ಜನ ಅಂತ ಹೇಳಿಕೊಂಡಿದ್ದಾರೆ. ಅತಿರೇಕಕ್ಕೆ ಹೋಗುವ ಧೈರ್ಯವನ್ನು ಟಿವಿ ಹಾಸ್ಯಗಾರ ಸಿಡ್ ಸೀಸರ್ ಕಲಿಸಿದರು. ನಿಜವಾಗಿ ಇರುವುದನ್ನು ನಟನೆಯ ಗುರು ಲೀ ಸ್ಟ್ರಾಸ್‌ಬರ್ಗ್ ಕಲಿಸಿದರು. ಮಿತವಾಗಿರುವುದನ್ನು ಲೆನ್ಯಾ ಕಲಿಸಿದರು. ಮೂರನೆಯದೇ ನಿನಗೆ ಬೇಕಾದ್ದು. ಆದರೆ ಮೂರೂ ಒಟ್ಟಿಗೆ ಇರಬೇಕು ನೋಡು. ಸುಮ್ಮನಿರುವವರು ಸಿಡಿದೇಳಬಲ್ಲರು ಅಂತ ಪ್ರೇಕ್ಷಕರಿಗೆ ಗೊತ್ತಿರಬೇಕು. ಇಲ್ಲದಿದ್ದರೆ ಅದು ಬರೀ ಸಪ್ಪೆ.

ಆಮೇಲಿನದನ್ನು ಬೇಗ ಹೇಳುತ್ತೇನೆ. 1964ರಲ್ಲಿ ‘ಫಿಡ್ಲರ್ ಆನ್ ದಿ ರೂಫ್’ ಮೊದಲ ಸಲ ಬ್ರಾಡ್‌ವೇಗೆ ಬಂದಾಗ ಮದುವೆ ದಲ್ಲಾಳಿ ಯೆಂಟೆ ಪಾತ್ರ ಇವರದು. ಸಣ್ಣ ಪಾತ್ರ. 1966ರಲ್ಲಿ ‘ಮೇಮ್’. ಏಂಜೆಲಾ ಲ್ಯಾನ್ಸ್‌ಬರಿ ನಾಯಕಿ, ಬೀ ಆಕೆಯ ಗೆಳತಿ ವೆರಾ ಚಾರ್ಲ್ಸ್. ಕುಡುಕಿ, ಜಂಬದ ನಾಟಕ ನಟಿ. ನಿರ್ದೇಶನ ಗಂಡ ಜೀನ್ ಸ್ಯಾಕ್ಸ್ ಅವರದು. ಪೋಷಕ ಪಾತ್ರಕ್ಕೆ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಬಂತು. ಆಗಲೂ ಊರ ಜನಕ್ಕೆ ಈಕೆ ಯಾರು ಅಂತ ಗೊತ್ತಿಲ್ಲ.

ಗೊತ್ತಿದ್ದದ್ದು ಟಿವಿ ನಿರ್ಮಾಪಕ ನಾರ್ಮನ್ ಲಿಯರ್‌ಗೆ. 1955ರ ಸುಮಾರಿಗೆ ‘ಶೂಸ್ಟ್ರಿಂಗ್ ರೆವ್ಯೂ’ ಅನ್ನುವ ಸಣ್ಣ ಪ್ರದರ್ಶನದಲ್ಲಿ ಬೀ ಕಸದ ಬಗ್ಗೆ ಒಂದು ಹಾಡು ಹಾಡುವುದನ್ನು ಆತ ನೋಡಿದ್ದರು. ಮರೆಯಲಿಲ್ಲ. 1971ರ ಡಿಸೆಂಬರ್‌ನಲ್ಲಿ ತಮ್ಮ ‘ಆಲ್ ಇನ್ ದಿ ಫ್ಯಾಮಿಲಿ’ ಸೀರಿಯಲ್ಲಿಗೆ ಒಂದೇ ಕಂತಿಗೆ ಅಂತ ಕರೆಸಿದರು. ಪಾತ್ರ ಮಾಡ್, ಆ ಮನೆಯ ಎಡಿತ್‌ಳ ಕಸಿನ್. ಮನೆಯ ಯಜಮಾನ ಆರ್ಚಿಗೆ ಎದುರುತ್ತರ ಕೊಡುವ ಹೆಂಗಸು. ಸಿಬಿಎಸ್ ಚಾನೆಲ್‌ನವರು ಅದನ್ನು ನೋಡಿ ಈಕೆಗೇ ಒಂದು ಸೀರಿಯಲ್ ಬೇಕು ಅಂದರು. 1972ರ ಸೆಪ್ಟೆಂಬರ್‌ನಲ್ಲಿ ‘ಮಾಡ್’ ಶುರು, 1978ರವರೆಗೆ ನಡೆಯಿತು.

ಇದೆಲ್ಲ ಮುಂದೆ ಪ್ರೇಕ್ಷಕರನ್ನು ಕೂರಿಸಿಕೊಂಡು ಹಲವು ಕ್ಯಾಮೆರಾ ಇಟ್ಟು ಹಿಡಿದದ್ದು. ಅಂದರೆ ನಾಟಕವೇ. ನಗು ಏಳುವವರೆಗೆ ಕಾಯಬೇಕು, ಇಳಿಯುವ ಹೊತ್ತಿಗೆ ಮುಂದಿನ ಮಾತು ಬೀಳಬೇಕು. ಸಿನಿಮಾದಿಂದ ಬಂದವರಿಗೆ ಇದು ಕಷ್ಟ. ಈಕೆಗೆ ದಿನನಿತ್ಯದ ಅನ್ನ.

ನೋಡಲೇಬೇಕಾದ ಒಂದು ಕಂತು ಹೇಳುತ್ತೇನೆ. 1975ರಲ್ಲಿ ಬಂದದ್ದು. ಮಾಡ್ ಮನೋವೈದ್ಯರ ಹತ್ತಿರ ಹೋಗುತ್ತಾಳೆ. ಇಡೀ ಕಂತು ಆಕೆ ಒಬ್ಬಳೇ ಮಾತಾಡುತ್ತಾಳೆ. ವೈದ್ಯರ ಮುಖ ಕಾಣುವುದಿಲ್ಲ, ಅವರು ಮಾತೂ ಆಡುವುದಿಲ್ಲ. ಹಾಸ್ಯ ಸೀರಿಯಲ್‌ನಲ್ಲಿ ಅರ್ಧ ಗಂಟೆಯ ಸ್ಲಾಟು ಒಬ್ಬ ನಟಿಯ ಕೈಗೆ! ಮಾತಿಗಿಂತ ಮಾತಿನ ನಡುವೆ ಆಕೆ ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದನ್ನು ಗಮನಿಸು.

ರಘುನಂದನ್ (ಬೆಂಗಳೂರು)

ವಸಂತಮ್ಮ ಯುದ್ಧ ಮುಗಿದ ಮೇಲೆ ಅಂತ ದಾಟಿಸಿಬಿಟ್ಟರು. ಯುದ್ಧದಲ್ಲಿ ಏನು ಮಾಡುತ್ತಿದ್ದರು ಅನ್ನುವುದೇ ಸ್ವಾರಸ್ಯ. ಆ ಯುದ್ಧದಲ್ಲಿ ಅಮೆರಿಕದ ಮರೀನ್ ಪಡೆ ಹೆಂಗಸರನ್ನು ಸೇರಿಸಿಕೊಳ್ಳಲು ಶುರು ಮಾಡಿದ್ದು 1943ರ ಫೆಬ್ರವರಿಯಲ್ಲಿ. ಅದೇ ತಿಂಗಳು ಬರ್ನಿಸ್ ಫ್ರಾಂಕೆಲ್ ಸೇರಿದರು. ಆಗ 20 ವರ್ಷ. ಟೈಪಿಸ್ಟ್ ಆಗಿದ್ದರು, ಆಮೇಲೆ ಟ್ರಕ್ ಓಡಿಸಿದರು. 1945ರ ಸೆಪ್ಟೆಂಬರ್‌ನಲ್ಲಿ ಬಿಟ್ಟಾಗ ಸ್ಟಾಫ್ ಸಾರ್ಜೆಂಟ್.

ತಮಾಷೆ ಏನಂದರೆ, ವಯಸ್ಸಾದ ಮೇಲೆ ಒಂದು ಸಂದರ್ಶನದಲ್ಲಿ ಈ ಬಗ್ಗೆ ಕೇಳಿದರೆ ಇಲ್ಲ ಅಂದುಬಿಟ್ಟರು! 2009ರಲ್ಲಿ ತೀರಿಕೊಂಡ ಮೇಲೆ ಸೇನೆಯ ಕಡತ ಹೊರಗೆ ಬಂತು. ಫೋಟೊ, ಸ್ವಂತ ಕೈಬರಹದ ಪತ್ರ ಎಲ್ಲಾ ಇತ್ತು. ಯಾಕೆ ಮುಚ್ಚಿಟ್ಟರು ಅಂತ ಹೇಳದೇ ಹೋದರು.

ಮೊದಲ ಗಂಡ ರಾಬರ್ಟ್ ಆಲನ್ ಆರ್ಥರ್ ಕೂಡ ಮರೀನ್, ಆಮೇಲೆ ಚಿತ್ರಕತೆಗಾರ. ಆ ಮದುವೆ ಮುರಿಯಿತು, ಮನೆಹೆಸರಿನ ಕಾಗುಣಿತ ಸ್ವಲ್ಪ ಬದಲಾಗಿ ಉಳಿಯಿತು. 1950ರಲ್ಲಿ ಜೀನ್ ಸ್ಯಾಕ್ಸ್ ಜೊತೆ ಮದುವೆ. ಇಬ್ಬರು ಗಂಡುಮಕ್ಕಳನ್ನು ದತ್ತು ತೆಗೆದುಕೊಂಡರು. 1978ರಲ್ಲಿ ಅದೂ ಮುಗಿಯಿತು, ‘ಮಾಡ್’ ನಿಂತದ್ದೂ ಅದೇ ವರ್ಷ.

ಶಾಂತಲಾ (ಹುಬ್ಬಳ್ಳಿ)

ವಸಂತಾ ಅವರೇ, ‘ಮಾಡ್’ ಬಗ್ಗೆ ಬರೆದು ಗರ್ಭಪಾತದ ಕಂತು ಬಿಟ್ಟರೆ ಹೇಗೆ? ನಾನು ವಕೀಲಿ ಮಾಡುವವಳು, ನನಗೆ ಈ ನಟಿ ಗೊತ್ತಾದದ್ದೇ ಅದರಿಂದ.

1972ರ ನವೆಂಬರ್‌ನಲ್ಲಿ ಎರಡು ಭಾಗದಲ್ಲಿ ಬಂತು. 47 ವರ್ಷದ ಮಾಡ್ ಬಸುರಿ. ಮಗಳು ಬೆಳೆದು ಅವಳಿಗೂ ಮಗು ಇದೆ. ಗಂಡ ಹೆಂಡತಿ ಕೂತು ಮಾತಾಡಿ ಮಗು ಬೇಡ ಅನ್ನುವ ತೀರ್ಮಾನಕ್ಕೆ ಬರುತ್ತಾರೆ. ಕತೆ ನಡೆಯೋದು ನ್ಯೂಯಾರ್ಕ್ ರಾಜ್ಯದಲ್ಲಿ, ಅಲ್ಲಿ 1970ರಿಂದಲೇ ಕಾನೂನು ಒಪ್ಪಿತ್ತು. ಇಡೀ ದೇಶಕ್ಕೆ ಹಕ್ಕು ಕೊಟ್ಟ ‘ರೋ ವರ್ಸಸ್ ವೇಡ್’ ತೀರ್ಪು ಬಂದದ್ದು 1973ರ ಜನವರಿಯಲ್ಲಿ, ಅಂದರೆ ಎರಡು ತಿಂಗಳ ಮೇಲೆ. ಇಲಿನಾಯ್‌ನ ಎರಡು ಸ್ಟೇಷನ್‌ಗಳು ಆ ಕಂತನ್ನು ಹಾಕಲೇ ಇಲ್ಲ. 1973ರ ಆಗಸ್ಟ್‌ನಲ್ಲಿ ಮರುಪ್ರಸಾರ ಮಾಡಿದಾಗ ಗಲಾಟೆ ಇನ್ನೂ ಜಾಸ್ತಿ ಆಯಿತು. ಹತ್ತಾರು ಸ್ಟೇಷನ್‌ಗಳು ಹಿಂದೆ ಸರಿದವು, ಜಾಹೀರಾತು ಕೊಡುವವರೂ ಹಿಂದೆಗೆದರು. ನಮ್ಮಲ್ಲಿ ಗರ್ಭಪಾತಕ್ಕೆ ಒಪ್ಪಿಗೆ ಕೊಡುವ ಎಂಟಿಪಿ ಕಾಯ್ದೆ ಆಗಿದ್ದು 1971ರಲ್ಲಿ, ಜಾರಿಗೆ ಬಂದದ್ದು 1972ರ ಏಪ್ರಿಲ್‌ನಲ್ಲಿ. ಆದರೆ ನಮ್ಮ ಸೀರಿಯಲ್‌ಗಳಲ್ಲಿ ಇವತ್ತಿಗೂ ಬಸುರಿ ಮೆಟ್ಟಿಲಿನಿಂದ ಬೀಳುತ್ತಾಳೆಯೇ ಹೊರತು ಗಂಡನ ಎದುರು ಕೂತು ‘ನನಗೆ ಬೇಡ’ ಅನ್ನುವುದಿಲ್ಲ.

ಒಂದು ತಕರಾರು. ಇದರ ಶ್ರೇಯ ಬರೆದವರದ್ದಲ್ಲವೇ? ಬರೆದವರು ಸೂಸನ್ ಹ್ಯಾರಿಸ್. ನಟಿ ಮಾತು ಒಪ್ಪಿಸಿದರು, ಅಷ್ಟೇ.

ವಸಂತಾ (ಮೈಸೂರು)

ಶಾಂತಲಾ, ಅಷ್ಟೇ ಅನ್ನಬೇಡಿ. ಪ್ರಾಂಪ್ಟರ್ ಕೈಯಲ್ಲಿ ಬರೆದದ್ದೆಲ್ಲ ಇರುತ್ತದೆ. ಅದು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಗತಿ ಕಾಣುವುದನ್ನು ನಾನು ನೋಡಿದ್ದೇನೆ.

ಆ ಎರಡನೆಯ ಭಾಗದ ಕೊನೆ ನೆನಪಿಸಿಕೊಳ್ಳಿ. ಭಾಷಣ ಇಲ್ಲ. ಇಬ್ಬರೂ ರಾತ್ರಿ ಕೂತು, ಇನ್ನೊಬ್ಬರಿಗೆ ಮಗು ಬೇಕೇನೋ ಅಂತ ಅನುಮಾನಪಡುತ್ತಾ ಮಾತಾಡುತ್ತಾರೆ. ಗದರುವ, ಎಲ್ಲರನ್ನೂ ಬಾಯಿ ಮುಚ್ಚಿಸುವ ಮಾಡ್‌ಗೆ ಅಲ್ಲಿ ದಿಕ್ಕು ತೋಚುವುದಿಲ್ಲ. ತಾನು ಮಾಡುವುದು ಸರಿ ತಾನೇ ಅಂತ ಗಂಡನನ್ನು ಕೇಳುತ್ತಾಳೆ. ಆ ದಪ್ಪ ದನಿ ತಗ್ಗಿದಾಗ ಆಗುವ ಪರಿಣಾಮ ಬರವಣಿಗೆಯಲ್ಲಿ ಇಲ್ಲ. ಅದು ಆಕೆಯದ್ದು.

ಆದರೆ ಸೂಸನ್ ಹ್ಯಾರಿಸ್ ಹೆಸರು ಎತ್ತಿದ್ದು ಒಳ್ಳೆಯದಾಯಿತು. 1985ರಲ್ಲಿ ‘ದಿ ಗೋಲ್ಡನ್ ಗರ್ಲ್ಸ್’ ಹುಟ್ಟುಹಾಕಿದ್ದೂ ಅವರೇ. ಡೊರೊಥಿ ಪಾತ್ರ ಹೇಗಿರಬೇಕು ಅನ್ನುವಲ್ಲಿ ಬೀ ಆರ್ಥರ್ ಥರದವರು ಅಂತಲೇ ಬರೆದಿದ್ದರು. ಎನ್‌ಬಿಸಿ ಚಾನೆಲ್‌ನವರಿಗೆ ಬೀ ಬೇಡವಾಗಿತ್ತು. ಬೀಗೂ ಮೊದಲು ಮನಸ್ಸಿರಲಿಲ್ಲ. ರೂ ಮೆಕ್‌ಕ್ಲಾನಹನ್ ‘ಮಾಡ್’ನಲ್ಲೇ ಗೆಳತಿ ವಿವಿಯನ್ ಆಗಿದ್ದವರು. ಬೆಟ್ಟಿ ವೈಟ್ ಇನ್ನೊಂದು ಸೀರಿಯಲ್‌ನಲ್ಲಿ ಗಂಡಸರ ಹಿಂದೆ ಬೀಳುವ ಪಾತ್ರ ಮಾಡಿದ್ದವರು. ಮತ್ತೆ ಅದೇ ಕತೆ ಯಾಕೆ ಅನ್ನುವುದು ಬೀ ಮಾತು. ಆಗ ರೂ ಫೋನ್ ಮಾಡಿ, ಪಾತ್ರ ಅದಲುಬದಲಾಗಿದೆ, ಗಂಡಸರ ಹುಚ್ಚಿನ ಬ್ಲಾಂಚ್ ನಾನು, ಪೆದ್ದಿ ರೋಸ್ ಬೆಟ್ಟಿ ಅಂದಮೇಲೆ ಆಸಕ್ತಿ ಬಂತು. 7 ಸೀಸನ್, 180 ಕಂತು. ನಾಲ್ವರಿಗೂ ಟಿವಿಯ ಎಮ್ಮಿ ಪ್ರಶಸ್ತಿ ಸಿಕ್ಕಿತು. ಬೀಗೆ 1988ರಲ್ಲಿ. ಅದಕ್ಕೂ ಮುಂಚೆ ‘ಮಾಡ್’ಗೆ 1977ರಲ್ಲಿ ಒಂದು ಬಂದಿತ್ತು.

ನನಗೆ ಇಷ್ಟವಾದ ವಿಷಯ ಎಸ್ಟೆಲ್ ಗೆಟಿಯದು. ರಿಹರ್ಸಲ್‌ನಲ್ಲಿ ಚೆನ್ನಾಗಿರುತ್ತಿದ್ದರು, ಪ್ರೇಕ್ಷಕರು ಬಂದು ಕೂತ ರಾತ್ರಿ ಭಯಕ್ಕೆ ಮಾತೇ ಮರೆತುಹೋಗುತ್ತಿತ್ತಂತೆ. ಕೊನೆಗೆ ಮಾತು ಬರೆದ ದೊಡ್ಡ ಕಾರ್ಡು ಹಿಡಿಯಬೇಕಾಯಿತು. ಎದುರಿನವರು ಹಾಗೆ ತಡವರಿಸುವಾಗ ಮುಖದಲ್ಲಿ ಗಾಬರಿ ತೋರಿಸದೆ ನಿಲ್ಲುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಬೀ ನಿಂತರು, ಏಳು ವರ್ಷ.

ಬೆಟ್ಟಿ ವೈಟ್ ಜೊತೆ ಮಾತ್ರ ಅಷ್ಟಕ್ಕಷ್ಟೇ. ದೃಶ್ಯಗಳ ನಡುವೆ ಬೆಟ್ಟಿ ಪ್ರೇಕ್ಷಕರ ಜೊತೆ ಹರಟೆ ಹೊಡೆಯುತ್ತಿದ್ದರು, ಬೀಗೆ ಅದು ಹಿಡಿಸುತ್ತಿರಲಿಲ್ಲ ಅಂತ ಜೊತೆಗಿದ್ದವರು ಹೇಳಿದ್ದಾರೆ. ನಾನು ಬೀ ಕಡೆ. ಪರದೆ ಸರಿದ ಮೇಲೆ ಪ್ರೇಕ್ಷಕರಿಗೆ ಕೈ ಬೀಸುವ ನಟರನ್ನು ನಮ್ಮ ತಂಡದಲ್ಲೂ ಕಂಡಿದ್ದೇನೆ. ಬೈದಿದ್ದೇನೆ ಕೂಡ.

ಸ್ಮಿತಾ (ನ್ಯೂಜೆರ್ಸಿ)

ಎಲ್ಲರಿಗೂ ಥ್ಯಾಂಕ್ಸ್! ವಸಂತಮ್ಮ, ಮನೋವೈದ್ಯರ ಕಂತು ನೋಡಿದೆ. ‘ಮಾಡ್’ನಲ್ಲಿ ಫೋನ್ ಮಾಡಿದವರು ಆಕೆಯನ್ನು ಗಂಡಸು ಅಂದುಕೊಳ್ಳುವ ಜೋಕು ಪದೇ ಪದೇ ಬರುತ್ತದಲ್ಲ, ನನ್ನ ಗಂಡ ನಕ್ಕಿದ್ದೇ ನಕ್ಕಿದ್ದು.

ಆದರೆ ‘ಗೋಲ್ಡನ್ ಗರ್ಲ್ಸ್’ನಲ್ಲಿ ಡೊರೊಥಿ ಎತ್ತರ, ಗಂಡಸಿನ ಹಾಗೆ, ಚೆಂದ ಇಲ್ಲ ಅನ್ನುವ ಜೋಕುಗಳು ಎಷ್ಟೊಂದು! ನಮ್ಮ ನಾಟಕದಲ್ಲೂ ನನ್ನ ಪಾತ್ರದ ಮೇಲೆ ಅಂಥವು ಇವೆ. ತೆಗೆಯಿರಿ ಅಂತ ಹೇಳಲಾ, ಸುಮ್ನೆ ಮಾಡಿಬಿಡಲಾ?

ವಸಂತಾ (ಮೈಸೂರು)

ಒಂದೆರಡು ಇರಲಿ, ಉಳಿದದ್ದು ತೆಗೆಸು. ನೀನು ಹೇಳಿದ ಎರಡು ಜೋಕುಗಳಲ್ಲೇ ವ್ಯತ್ಯಾಸ ಇದೆ. ಫೋನಿನ ಜೋಕಿನಲ್ಲಿ ತಾನು ಮಿಸ್ಟರ್ ಅಲ್ಲ, ಮಿಸ್ಟರ್‌ದು ತನಗಿಂತ ಕೀರಲು ದನಿ ಅಂತ ಮಾಡ್ ತಾನೇ ತಿರುಗಿಸಿ ಹೊಡೆಯುತ್ತಾಳೆ. ಗೆಲ್ಲುವುದು ಅವಳು. ಡೊರೊಥಿಯ ಮೇಲೆ ಬರೆದದ್ದರಲ್ಲಿ ಎಷ್ಟೋ ಸಲ ಆಕೆ ಸುಮ್ಮನೆ ನುಂಗಿಕೊಳ್ಳಬೇಕು. ಬರೆಯುವವರು ಸೋಮಾರಿಗಳಾದರು ಅಂತ ನನ್ನ ಅಭಿಪ್ರಾಯ. ನಿನ್ನ ಸ್ಕ್ರಿಪ್ಟಿನಲ್ಲೂ ಹಾಗೇ ನೋಡು. ಉತ್ತರ ನಿನ್ನ ಬಾಯಲ್ಲಿದ್ದರೆ ಇಟ್ಟುಕೋ. ಮಾತು ಇಲ್ಲದಿದ್ದರೂ ಆ ನೋಟಕ್ಕೆ ಜಾಗ ಇದ್ದರೆ ಸಾಕು.

1992ರಲ್ಲಿ ಸಾಕು ಅಂತ ಬಿಟ್ಟವರು ಬೀ. ಉಳಿದ ಮೂವರು ಪಾತ್ರ ಮುಂದುವರಿಸಿ ಹೋಟೆಲಿನ ಕತೆ ಮಾಡಿದರು, ಒಂದೇ ವರ್ಷ ನಡೆಯಿತು. ಬೀ ಮತ್ತೆ ಸ್ಟೇಜಿಗೆ ಹೋದರು. 2002ರಲ್ಲಿ, ಸುಮಾರು 80ರ ವಯಸ್ಸಿನಲ್ಲಿ, ಬ್ರಾಡ್‌ವೇಯ ಬೂತ್ ಥಿಯೇಟರ್‌ನಲ್ಲಿ ಏಕವ್ಯಕ್ತಿ ಪ್ರದರ್ಶನ. ಪಿಯಾನೊ ನುಡಿಸುವವರೊಬ್ಬರು, ಆಕೆ ಬರಿಗಾಲಲ್ಲಿ. ಶುರು ಹೇಗೆ ಗೊತ್ತಾ? ಕುರಿ ತೊಡೆ ಬೇಯಿಸುವ ಅಡುಗೆ ವಿಧಾನ ಹೇಳುತ್ತಾ! ಮಾಂಸ ಮುಟ್ಟದ ನನಗೂ ಆ ದನಿಯಲ್ಲಿ ಕೇಳಿದರೆ ಬಾಯಲ್ಲಿ ನೀರು ಬಂದೀತು. ಟೋನಿಗೆ ನಾಮನಿರ್ದೇಶನವೂ ಆಯಿತು. ಗೆದ್ದದ್ದು ನಟಿ ಎಲೇನ್ ಸ್ಟ್ರಿಚ್ ಅವರ ಏಕವ್ಯಕ್ತಿ ಪ್ರದರ್ಶನ. ಅದರಲ್ಲಿ ಸ್ಟ್ರಿಚ್ ತಾನು ಡೊರೊಥಿ ಪಾತ್ರದ ಆಡಿಷನ್ ಕೆಡಿಸಿಕೊಂಡ ಕತೆ ಹೇಳಿ ಜನರನ್ನು ನಗಿಸುತ್ತಿದ್ದರು!

2005ರಲ್ಲಿ ಮನೆಯಿಂದ ಹೊರಹಾಕಿಸಿಕೊಂಡ ಸಲಿಂಗಿ, ಲಿಂಗತ್ವ ಅಲ್ಪಸಂಖ್ಯಾತ ಹುಡುಗ ಹುಡುಗಿಯರಿಗೆ ಆಸರೆ ಕೊಡುವ ನ್ಯೂಯಾರ್ಕಿನ ಆಲಿ ಫೋರ್ನಿ ಸೆಂಟರ್‌ಗಾಗಿ ಇದೇ ಪ್ರದರ್ಶನ ಕೊಟ್ಟರು. 2009ರ ಏಪ್ರಿಲ್ 25ಕ್ಕೆ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಉಯಿಲಿನಲ್ಲಿ ಅವರಿಗೆ 3,00,000 ಡಾಲರ್ ಬರೆದಿದ್ದರು. 2017ರಲ್ಲಿ ಮ್ಯಾನ್‌ಹಟನ್‌ನಲ್ಲಿ ಆಕೆಯ ಹೆಸರಿನಲ್ಲೇ 18 ಹಾಸಿಗೆಯ ವಸತಿ ಆಯಿತು. ನಿನಗೆ ಹತ್ತಿರವೇ ಅಲ್ವಾ.

ನೋಡುವುದಕ್ಕೆ: 1974ರ ‘ಮೇಮ್’ ಸಿನಿಮಾದಿಂದ ಶುರು ಮಾಡಬೇಡ. ಅದರಲ್ಲಿ ನಾಯಕಿ ಲೂಸಿಲ್ ಬಾಲ್. ವೆರಾ ಇವರೇ ಆದರೂ ಸಿನಿಮಾ ಸಪ್ಪೆ. ನಾಟಕದ ಮೂಲ ತಂಡದ ಹಾಡಿನ ಧ್ವನಿಮುದ್ರಣ ಸಿಗುತ್ತದೆ, ಅದರಲ್ಲಿ ಲ್ಯಾನ್ಸ್‌ಬರಿ ಜೊತೆಗಿನ ‘ಬೊಸಮ್ ಬಡ್ಡೀಸ್’ ಕೇಳು. ಇಬ್ಬರು ಗೆಳತಿಯರು ಒಬ್ಬರನ್ನೊಬ್ಬರು ನಯವಾಗಿ ಚುಚ್ಚುವ ಹಾಡು. ಪ್ರತಿ ಚುಚ್ಚಿಗೂ ಮುಂಚೆ ಬೀ ಎಷ್ಟು ಹೊತ್ತು ತಡೆಯುತ್ತಾರೆ ಅಂತ ಕೈಯಲ್ಲಿ ತಾಳ ಹಾಕಿ ನೋಡು. ಆಮೇಲೆ ನಿನ್ನ ಸ್ಕ್ರಿಪ್ಟಿನಲ್ಲಿ ಎಲ್ಲಿ ನಿಲ್ಲಿಸುತ್ತೀಯೋ ಅಲ್ಲೆಲ್ಲ ಪೆನ್ಸಿಲ್‌ನಲ್ಲಿ ಗೀಟು ಹಾಕಿ ನಿಮ್ಮ ಪ್ರಾಂಪ್ಟರ್‌ಗೂ ಒಂದು ಪ್ರತಿ ಕೊಡು. ಇಲ್ಲಾಂದ್ರೆ ಆ ಪುಣ್ಯಾತ್ಮ ನೀನು ಮರೆತೆ ಅಂದುಕೊಂಡು ಮುಂದಿನ ಮಾತನ್ನು ಕೂಗಿಬಿಡುತ್ತಾನೆ.